ಪ್ರಶಸ್ತಿ ಬಂತು, ಸಿನಿಮಾ ಬರಲಿಲ್ಲ

2025ರ ಜನವರಿಯಲ್ಲಿ ರಾಜ್ಯ ಸರ್ಕಾರ ಚಲನಚಿತ್ರ ಪ್ರಶಸ್ತಿಗಳನ್ನು ಪ್ರಕಟಿಸಿತು. ಹಿಂದಿನ ವರ್ಷದ ಸಿನಿಮಾಗಳಿಗಲ್ಲ, 2019ನೇ ಸಾಲಿನವಕ್ಕೆ. ಪಿ. ಶೇಷಾದ್ರಿ ನಿರ್ದೇಶನದ ‘ಮೋಹನದಾಸ’ ಮೊದಲ ಅತ್ಯುತ್ತಮ ಚಿತ್ರ, ‘ಪೈಲ್ವಾನ್’ಗಾಗಿ ಸುದೀಪ್ ಅತ್ಯುತ್ತಮ ನಟ, ‘ತ್ರಯಂಬಕಂ’ಗಾಗಿ ಅನುಪಮಾ ಗೌಡ ಅತ್ಯುತ್ತಮ ನಟಿ. ಸುದೀಪ್ ತಮಗೆ ಪ್ರಶಸ್ತಿ ಬೇಡ, ಬೇರೆ ಅರ್ಹರಿಗೆ ಕೊಡಿ ಎಂದರು. ಟಿವಿಯವರಿಗೆ ಅಷ್ಟೇ ಸಾಕಾಯಿತು. ನಮ್ಮ ಬಳ್ಳಾರಿ ಜಿಲ್ಲೆಯ ಕಂಪ್ಲಿಯ ಹೋಟೆಲುಗಳಲ್ಲಿ ಒಗ್ಗರಣಿ ಮಿರ್ಚಿ ಮುಂದಿಟ್ಟುಕೊಂಡು ಕೂತವರ ಬಾಯಲ್ಲೂ ಅದೇ: ಸುದೀಪ್ ಮಾಡಿದ್ದು ಸರಿಯೋ, ತಪ್ಪೋ? ‘ಪೈಲ್ವಾನ್’ ಎಲ್ಲರೂ ನೋಡಿದ್ದರು, ಹಾಗಾಗಿ ಎಲ್ಲರಿಗೂ ಒಂದೊಂದು ಅಭಿಪ್ರಾಯವಿತ್ತು. ಬೊಳುವಾರು ಮಹಮದ್ ಕುಂಞಿ ಅವರ ಕೃತಿಯನ್ನು ಆಧರಿಸಿ ಗಾಂಧೀಜಿಯ ಬಾಲ್ಯವನ್ನು ಹೇಳುವ ‘ಮೋಹನದಾಸ’ದ ಬಗ್ಗೆ ಮಾತ್ರ ಯಾರೂ ಮಾತಾಡಲಿಲ್ಲ. ನೋಡಿದ್ದರೆ ತಾನೇ ಮಾತಾಡುವುದು?

ಇದು ನೋಡುಗರ ಸ್ಥಿತಿ. ಸಿನಿಮಾ ಕುರಿತು ಬರೆಯುವವರ, ಯೂಟ್ಯೂಬಿನಲ್ಲಿ ಮಾತಾಡುವವರ ಸ್ಥಿತಿ ಇದಕ್ಕಿಂತ ಬಹಳ ಬೇರೆಯಲ್ಲ. ಪ್ರಶಸ್ತಿ ಪಟ್ಟಿ ಹೊರಬಿದ್ದ ರಾತ್ರಿಯೇ ಅವರ ಪರದಾಟ ಶುರು. ಪಟ್ಟಿಯಲ್ಲಿರುವ ಸಿನಿಮಾ ಎಲ್ಲಿ ಸಿಗುತ್ತದೆ? ನಿರ್ಮಾಪಕರ ನಂಬರ್ ಯಾರ ಹತ್ತಿರ ಇದೆ? ಯಾರಾದರೂ ಲಿಂಕ್ ಕಳಿಸಬಲ್ಲರೇ? ಬೆಂಗಳೂರಿನಲ್ಲಿ ಇರುವವರಿಗೆ ಪತ್ರಿಕಾ ಪ್ರದರ್ಶನ, ಖಾಸಗಿ ಪ್ರದರ್ಶನ, ಚಿತ್ರೋತ್ಸವ ಎಂದು ಒಂದಲ್ಲ ಒಂದು ದಾರಿ ಇದ್ದೇ ಇರುತ್ತದೆ. ಕಂಪ್ಲಿ, ಸಂಡೂರು, ಹೊಸಪೇಟೆಯಲ್ಲಿ ಕೂತು ಸಿನಿಮಾ ಬಗ್ಗೆ ಬರೆಯಬೇಕು ಎನ್ನುವವರಿಗೆ ಆ ದಾರಿಗಳೊಂದೂ ಇಲ್ಲ. ಆದ್ದರಿಂದ ನಮ್ಮ ಸೀಮೆಯಲ್ಲೇ ನಿಂತು ಈ ಇಡೀ ವ್ಯವಸ್ಥೆಯನ್ನೊಮ್ಮೆ ನೋಡುವುದು ಒಳ್ಳೆಯದು. ಬೆಂಗಳೂರಿನಿಂದ ನೋಡಿದರೆ ಸಣ್ಣದಾಗಿ ಕಾಣುವ ಬಿರುಕುಗಳು ಇಲ್ಲಿಂದ ದೊಡ್ಡದಾಗಿ ಕಾಣುತ್ತವೆ.

ಹೋಲಿಕೆಗೆ ಮೊದಲು ಅಮೆರಿಕವನ್ನು ನೋಡಿ. ಅಲ್ಲಿ ನವೆಂಬರಿನಿಂದ ಮಾರ್ಚ್‌ವರೆಗೆ ಪ್ರಶಸ್ತಿಗಳ ಕಾಲ. ಒಂದರ ಹಿಂದೆ ಒಂದು ವಿಮರ್ಶಕರ ಸಂಘಗಳ ಪ್ರಶಸ್ತಿ, ಗೋಲ್ಡನ್ ಗ್ಲೋಬ್, ಕೊನೆಗೆ ಆಸ್ಕರ್. ವಿಮರ್ಶಕರ ಮನೆಗೆ ಹಿಂದೆಲ್ಲ ಡಿವಿಡಿಗಳ ಕಟ್ಟು ಬರುತ್ತಿತ್ತು, ಈಗ ಲಿಂಕುಗಳು ಬರುತ್ತವೆ. ವರ್ಷವಿಡೀ ತಪ್ಪಿಸಿಕೊಂಡದ್ದನ್ನೆಲ್ಲ ಆ ಕೆಲವು ತಿಂಗಳಲ್ಲಿ ಮೈಮುರಿದು ನೋಡಿ ಮುಗಿಸುವುದು ಅಲ್ಲಿನ ವೃತ್ತಿಯ ಭಾಗ. ಆಸ್ಕರ್ ಅಕಾಡೆಮಿ ತನ್ನ ಸದಸ್ಯರಿಗೆಂದೇ ಆನ್‌ಲೈನ್ ವೀಕ್ಷಣಾ ವ್ಯವಸ್ಥೆ ಮಾಡಿಕೊಂಡಿದೆ. ಇಷ್ಟಾದರೂ 2025ರ ಏಪ್ರಿಲಿನಲ್ಲಿ ಆ ಅಕಾಡೆಮಿ ಒಂದು ಹೊಸ ನಿಯಮ ತಂದಿತು: ಅಂತಿಮ ಸುತ್ತಿನಲ್ಲಿ ಒಂದು ವಿಭಾಗಕ್ಕೆ ಮತ ಹಾಕಬೇಕಾದರೆ ಆ ವಿಭಾಗದಲ್ಲಿ ನಾಮನಿರ್ದೇಶನಗೊಂಡ ಎಲ್ಲ ಸಿನಿಮಾಗಳನ್ನೂ ನೋಡಿರಲೇಬೇಕು. ಅಂದರೆ ಅಲ್ಲಿಯವರೆಗೆ ನೋಡದೆಯೂ ಮತ ಹಾಕಬಹುದಿತ್ತು. ನೋಡದೆ ತೀರ್ಪು ಕೊಡುವುದು ನಮ್ಮೂರಿನ ಕಟ್ಟೆಗೆ ಮಾತ್ರ ಸೀಮಿತವಲ್ಲ ಎಂದು ಸಮಾಧಾನಪಟ್ಟುಕೊಳ್ಳೋಣ.

ಆದರೆ ಅಲ್ಲಿಗೂ ಇಲ್ಲಿಗೂ ಬುಡದಲ್ಲೇ ಒಂದು ವ್ಯತ್ಯಾಸವಿದೆ. ಆಸ್ಕರ್‌ನ ಸಾಮಾನ್ಯ ವಿಭಾಗಗಳಿಗೆ ಅರ್ಹವಾಗಬೇಕಾದರೆ ಸಿನಿಮಾ ನಿಗದಿತ ಮಹಾನಗರವೊಂದರ ಚಿತ್ರಮಂದಿರದಲ್ಲಿ ಕನಿಷ್ಠ 7 ದಿನ ಓಡಿರಬೇಕು. ಟಿಕೆಟ್ ಕೊಂಡ ಜನ ಒಂದು ವಾರವಾದರೂ ನೋಡಲು ಅವಕಾಶವಿದ್ದಿರಬೇಕು. ನಮ್ಮ ರಾಷ್ಟ್ರ ಪ್ರಶಸ್ತಿಗೆ ಬೇಕಿರುವುದು ಸೆನ್ಸಾರ್ ಸರ್ಟಿಫಿಕೇಟ್. ಜನವರಿ 1ರಿಂದ ಡಿಸೆಂಬರ್ 31ರೊಳಗೆ ಸೆನ್ಸಾರ್ ಆಗಿದ್ದರೆ ಆ ಸಾಲಿನ ಸ್ಪರ್ಧೆಗೆ ಅರ್ಜಿ ಹಾಕಬಹುದು. ಚಿತ್ರಮಂದಿರ ಕಂಡಿರಬೇಕೆಂದಿಲ್ಲ. ರಾಜ್ಯ ಪ್ರಶಸ್ತಿಯಲ್ಲೂ ಲೆಕ್ಕ ಹಿಡಿಯುವುದು ಸೆನ್ಸಾರ್ ಆದ ವರ್ಷವನ್ನೇ. ಡಿಸೆಂಬರ್ ಕೊನೆಯ ವಾರದಲ್ಲಿ ಸೆನ್ಸಾರ್ ಕಚೇರಿಯ ಮುಂದೆ ನೂಕುನುಗ್ಗಲು ಏಕೆ ಎಂಬುದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಡ.

ಇದರ ಪರಿಣಾಮ ವಿಚಿತ್ರ. ‘777 ಚಾರ್ಲಿ’ಯನ್ನು ಇಡೀ ರಾಜ್ಯ ನೋಡಿ ಕಣ್ಣೊರೆಸಿಕೊಂಡದ್ದು 2022ರ ಜೂನಿನಲ್ಲಿ. ಅದಕ್ಕೆ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರ ಪ್ರಶಸ್ತಿ ಬಂದದ್ದು 2021ನೇ ಸಾಲಿನ ಲೆಕ್ಕದಲ್ಲಿ, ಪ್ರಕಟವಾದದ್ದು 2023ರ ಆಗಸ್ಟಿನಲ್ಲಿ. ಒಂದು ಸಿನಿಮಾಕ್ಕೆ ಮೂರು ವರ್ಷ. ವರ್ಷದ ಕೊನೆಯಲ್ಲಿ ‘ಈ ಸಾಲಿನ ಹತ್ತು ಅತ್ಯುತ್ತಮ’ ಎಂದು ಪಟ್ಟಿ ಮಾಡುವ ವಿಮರ್ಶಕ ಅದನ್ನು ಯಾವ ಸಾಲಿಗೆ ಹಾಕಬೇಕು? ‘ಚಾರ್ಲಿ’ ದೊಡ್ಡ ಚಿತ್ರ, ಅದಕ್ಕೇನೂ ನಷ್ಟವಾಗಲಿಲ್ಲ. ಆದರೆ ಸೆನ್ಸಾರ್ ಮಾಡಿಸಿ, ಪ್ರಶಸ್ತಿಗೆ ಕಳಿಸಿ, ಪ್ರಶಸ್ತಿಯ ಹೆಸರಿನಲ್ಲಿ ಬಿಡುಗಡೆ ಮಾಡೋಣ ಎಂದು ಕಾಯುವ ಸಣ್ಣ ಚಿತ್ರಗಳಿಗೆ ಈ ಕಾಯುವಿಕೆಯೇ ಮುಳುವಾಗುತ್ತದೆ.

ನೀರಾವರಿ ಸಲಹಾ ಸಮಿತಿಯವರು ಹಂಗಾಮಿಗೊಮ್ಮೆ ಕೂತು ತುಂಗಭದ್ರಾ ಕಾಲುವೆಗೆ ನೀರು ಬಿಡುವ ದಿನವನ್ನಾದರೂ ಗೊತ್ತುಮಾಡುತ್ತಾರೆ, ರೈತರು ಅದನ್ನು ನೋಡಿಕೊಂಡು ಸಸಿ ಹಾಕುತ್ತಾರೆ. ನಮ್ಮ ರಾಜ್ಯ ಪ್ರಶಸ್ತಿಗೆ ಅಂಥ ದಿನವೇ ಇಲ್ಲ. 2018ನೇ ಸಾಲಿನದು 2020ರ ಜನವರಿಯಲ್ಲಿ ಬಂದರೆ, ಮುಂದಿನ ಸಾಲಿನದಕ್ಕೆ ಐದು ವರ್ಷ ಕಾಯಬೇಕಾಯಿತು. ನಡುವೆ ಕೋವಿಡ್ ಬಂತು, ಚುನಾವಣೆ ಬಂತು, ಸಮಿತಿಗಳು ಬದಲಾದವು, ಎಲ್ಲ ನಿಜ. ಐದು ವರ್ಷದ ಹಿಂದಿನ ಸಿನಿಮಾದ ಹೆಸರನ್ನು ಪತ್ರಿಕೆಯಲ್ಲಿ ಓದಿದ ಯುವಕ ಅದನ್ನು ಹುಡುಕಿ ನೋಡುತ್ತಾನೆಂದು ಯಾರಾದರೂ ನಂಬುತ್ತಾರೆಯೇ?

ತೀರ್ಪುಗಾರರ ಕಷ್ಟವನ್ನೂ ಹೇಳಬೇಕು. ರಾಷ್ಟ್ರ ಪ್ರಶಸ್ತಿಯಲ್ಲಿ ಈಗ ಎರಡು ಹಂತ. ಮೊದಲು ಪ್ರಾದೇಶಿಕ ಸಮಿತಿಗಳು ಸೋಸುತ್ತವೆ (ಕನ್ನಡ ಮತ್ತು ತೆಲುಗಿಗೆ ಒಂದೇ ಸಮಿತಿ), ಆಮೇಲೆ ಕೇಂದ್ರ ಸಮಿತಿ. ಸಮಿತಿಯಲ್ಲಿ ಕೂತು ಬಂದವರನ್ನು ಕೇಳಿದರೆ ದಿನಕ್ಕೆ ನಾಲ್ಕೈದು ಸಿನಿಮಾ ನೋಡಿದ ಕಥೆ ಹೇಳುತ್ತಾರೆ. ನಾಲ್ಕನೆಯ ಸಿನಿಮಾದ ಹೊತ್ತಿಗೆ ಎಂಥ ರಸಿಕನಿಗೂ ಕಣ್ಣು ಮಂಜಾಗುತ್ತದೆ. 2022ರ ಜುಲೈನಲ್ಲಿ ಸಾಗರ್ ಪುರಾಣಿಕ್ ನಿರ್ದೇಶನದ ‘ಡೊಳ್ಳು’ ಅತ್ಯುತ್ತಮ ಕನ್ನಡ ಚಿತ್ರವೆಂದು ಘೋಷಣೆಯಾಯಿತು. ಅದರ ಜೊತೆಗೆ, ಚಿತ್ರೀಕರಣದ ಸ್ಥಳದಲ್ಲೇ ಧ್ವನಿ ದಾಖಲಿಸಿದ್ದಕ್ಕೆ ಕೊಡುವ ಪ್ರಶಸ್ತಿಯೂ ಅದೇ ಚಿತ್ರಕ್ಕೆ ಬಂತು. ಚಿತ್ರದ ಧ್ವನಿ ವಿನ್ಯಾಸಕ ನಿತಿನ್ ಲೂಕೋಸ್ ಅವರೇ ಮುಂದೆ ಬಂದು, ಇದು ಸಿಂಕ್ ಸೌಂಡ್ ಚಿತ್ರವಲ್ಲ, ಡಬ್ಬಿಂಗ್ ಮಾಡಿದ್ದು ಎಂದರು. ಆಸ್ಕರ್ ಪಡೆದ ರಸೂಲ್ ಪೂಕುಟ್ಟಿ ಕೂಡ ಅದನ್ನು ಎತ್ತಿ ಹೇಳಿದರು. ತೀರ್ಪುಗಾರರನ್ನು ಆಡಿಕೊಳ್ಳುವುದು ಸುಲಭ. ನನ್ನ ಪ್ರಶ್ನೆ ಬೇರೆ: ನಮ್ಮ ವಿಮರ್ಶಕರಿಗೆ ಇದು ಯಾಕೆ ಹೊಳೆಯಲಿಲ್ಲ? ಉತ್ತರ ಸರಳ. ಸಿನಿಮಾ ಆಗಿನ್ನೂ ಬಿಡುಗಡೆಯೇ ಆಗಿರಲಿಲ್ಲ, ಅದು ಚಿತ್ರಮಂದಿರಕ್ಕೆ ಬಂದದ್ದು ಮುಂದಿನ ತಿಂಗಳು. ಪ್ರಶಸ್ತಿ ಸರಿಯೋ ತಪ್ಪೋ ಎಂದು ಹೇಳಬೇಕಾದವರ ಕೈಯಲ್ಲಿ ಸಾಕ್ಷ್ಯವೇ ಇರಲಿಲ್ಲ.

ನಮ್ಮೂರಿಗೆ ಬರೋಣ. ಕಂಪ್ಲಿ ಸಿನಿಮಾ ನೋಡದ ಊರೇನಲ್ಲ. ತುಂಗಭದ್ರೆಯ ಈ ದಡ ಬಳ್ಳಾರಿ ಜಿಲ್ಲೆ, ಆ ದಡ ಕೊಪ್ಪಳ ಜಿಲ್ಲೆಯ ಗಂಗಾವತಿ. ಇತ್ತ ಹೊಸಪೇಟೆ 2021ರಿಂದ ವಿಜಯನಗರ ಜಿಲ್ಲೆಯ ಕೇಂದ್ರ. ಸುತ್ತಮುತ್ತ ಅಣೆಕಟ್ಟು ಕಟ್ಟಿದ ಮೇಲೆ ಬಂದು ನೆಲೆಸಿದ ತೆಲುಗರ ಕ್ಯಾಂಪುಗಳಿವೆ. ಹಾಗಾಗಿ ಇಲ್ಲಿನ ಚಿತ್ರಮಂದಿರಗಳಲ್ಲಿ ಕನ್ನಡದಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ತೆಲುಗು ಓಡುತ್ತದೆ. ದೊಡ್ಡ ತೆಲುಗು ಚಿತ್ರ ಬಂದ ವಾರ ಕನ್ನಡದ ಸಣ್ಣ ಚಿತ್ರಕ್ಕೆ ಜಾಗವೇ ಇಲ್ಲ. ಜಾಗ ಸಿಕ್ಕರೂ ನಿರ್ಮಾಪಕರೇ ಥಿಯೇಟರ್ ಬಾಡಿಗೆ ಕಟ್ಟಬೇಕು, ಪೋಸ್ಟರ್ ಅಂಟಿಸಬೇಕು, ಆಟೊದಲ್ಲಿ ಮೈಕು ಕಟ್ಟಿಸಿ ಪ್ರಚಾರ ಮಾಡಬೇಕು. ಶುಕ್ರವಾರ, ಶನಿವಾರ ಜನ ಬರದಿದ್ದರೆ ಸೋಮವಾರ ಸಿನಿಮಾ ಎತ್ತುತ್ತಾರೆ. ಡಿಜಿಟಲ್ ಬಂದ ಮೇಲೆ ರೀಲಿನ ಡಬ್ಬ ಹೊತ್ತು ತಿರುಗುವ ಕಾಲ ಹೋಯಿತು, ಪ್ರಿಂಟಿನ ಖರ್ಚು ಇಳಿಯಿತು. ಹಾಗಿದ್ದೂ ಸಣ್ಣ ಸಿನಿಮಾ ಸಣ್ಣ ಊರಿಗೆ ಬರುವುದು ಹೆಚ್ಚಾಗಲಿಲ್ಲ. ತಡೆ ಇದ್ದದ್ದು ಡಬ್ಬದಲ್ಲಲ್ಲ, ಲೆಕ್ಕದಲ್ಲಿ.

‘ಅವಾರ್ಡ್ ಪಿಚ್ಚರ್ ಯಾರ್ ನೋಡ್ತಾರ್ ಬಿಡ್ರಿ’ ಎಂಬುದು ಥಿಯೇಟರಿನವರ ಸಿದ್ಧ ಉತ್ತರ. ಇದು ಅರ್ಧ ಸತ್ಯ. ಇದೇ ಸೀಮೆಯ ಜನ ‘ಗಂಧದ ಗುಡಿ’ ನೋಡಿದ್ದಾರೆ. 2022ರ ಅಕ್ಟೋಬರಿನಲ್ಲಿ ಬಂದ ಅದರಲ್ಲಿ ಫೈಟಿಲ್ಲ, ಕಥೆಯೂ ಇಲ್ಲ. ಅಮೋಘವರ್ಷ ನಿರ್ದೇಶಿಸಿದ, ಕಾಡು ಸುತ್ತುವ ಒಂದು ಸಾಕ್ಷ್ಯಚಿತ್ರ. ಪುನೀತ್ ರಾಜ್‌ಕುಮಾರ್ ಅದರಲ್ಲಿ ತಾವಾಗಿಯೇ ಇದ್ದರು ಎಂಬುದೊಂದೇ ಕಾರಣ ಸಾಕಾಯಿತು. ಪುನೀತ್ ಪ್ರತಿಮೆಯನ್ನು ವೃತ್ತದಲ್ಲಿ ನಿಲ್ಲಿಸಿಕೊಂಡ ಹೊಸಪೇಟೆಗೆ ಸಿನಿಮಾ ಪ್ರೀತಿಯ ಪಾಠ ಯಾರೂ ಹೇಳಬೇಕಿಲ್ಲ. 2022ನೇ ಸಾಲಿನ ರಾಷ್ಟ್ರ ಪ್ರಶಸ್ತಿಗಳು 2024ರ ಆಗಸ್ಟಿನಲ್ಲಿ ಪ್ರಕಟವಾದಾಗ ನಮ್ಮಲ್ಲೂ ಬಿಸಿಬಿಸಿ ಚರ್ಚೆ ನಡೆಯಿತು. ‘ಕಾಂತಾರ’ಕ್ಕಾಗಿ ರಿಷಬ್ ಶೆಟ್ಟಿ ಅತ್ಯುತ್ತಮ ನಟ, ಅತ್ಯುತ್ತಮ ಕನ್ನಡ ಚಿತ್ರ ‘ಕೆಜಿಎಫ್ ಚಾಪ್ಟರ್ 2’. ಬಂದೂಕಿನ ಸಿನಿಮಾಕ್ಕೆ ಆ ಪ್ರಶಸ್ತಿ ಸಲ್ಲಬೇಕೇ ಎಂದು ಕಾಲೇಜು ಹುಡುಗರು ಕೂಡ ವಾದ ಮಾಡಿದರು. ಎರಡನ್ನೂ ನೋಡಿದ್ದರು, ಅದಕ್ಕೇ ವಾದ ಹುಟ್ಟಿತು. ಆದರೆ 2023ನೇ ಸಾಲಿನ ಅತ್ಯುತ್ತಮ ಕನ್ನಡ ಚಿತ್ರ ‘ಕಂದೀಲು’ ಎಂದು 2025ರ ಆಗಸ್ಟಿನಲ್ಲಿ ಪ್ರಕಟವಾದಾಗ ನಮ್ಮಲ್ಲಿ ಸದ್ದೇ ಇಲ್ಲ.

ನೋಡದ ಸಿನಿಮಾದ ಬಗ್ಗೆ ಮಾತು ಹುಟ್ಟುವುದಿಲ್ಲ ಎಂಬುದಕ್ಕೆ ‘ಶಿವಮ್ಮ ಯರೇಹಂಚಿನಾಳ’ಕ್ಕಿಂತ ನೋವಿನ ಉದಾಹರಣೆ ನನಗೆ ಗೊತ್ತಿಲ್ಲ. ಯರೇಹಂಚಿನಾಳ ಕೊಪ್ಪಳ ಜಿಲ್ಲೆಯ ಹಳ್ಳಿ. ಕಂಪ್ಲಿ ಸೇತುವೆ ದಾಟಿ ಗಂಗಾವತಿ, ಕೊಪ್ಪಳ ಹಾದು ಮುಂದೆ ಹೋದರೆ ಸಿಗುವ ಕಪ್ಪು ನೆಲದ ಊರು. ಜೈಶಂಕರ್ ಆರ್ಯರ್ ಆ ಊರಲ್ಲೇ, ಆ ಊರವರನ್ನೇ ಇಟ್ಟುಕೊಂಡು ಸಿನಿಮಾ ಮಾಡಿದರು. ನಿರ್ಮಾಣ ರಿಷಬ್ ಶೆಟ್ಟಿಯವರದು. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಶಿವಮ್ಮ, ಹಾಸಿಗೆ ಹಿಡಿದ ಗಂಡ, ಮದುವೆಗೆ ಬಂದ ಮಗಳು, ಸಾಲ. ಒಬ್ಬರಿಂದೊಬ್ಬರಿಗೆ ದಾಟಿಸಿ ಮಾರುವ ನೆಟ್‌ವರ್ಕ್ ಕಂಪನಿಯ ಶಕ್ತಿಪುಡಿಯ ಡಬ್ಬಗಳನ್ನು ನಂಬಿ ಆಕೆ ಕೂಡಿಟ್ಟದ್ದನ್ನೆಲ್ಲ ಸುರಿಯುತ್ತಾಳೆ. ಊರೂರು, ಮನೆಮನೆ ತಿರುಗಿ ಆ ಪುಡಿ ಮಾರಲು ಹೊರಡುತ್ತಾಳೆ. ಶರಣಮ್ಮ ಚಟ್ಟಿ ಎಂಬ, ಅದಕ್ಕೆ ಮುಂಚೆ ಕ್ಯಾಮೆರಾ ಎದುರಿಸಿರದ ಹೆಣ್ಣುಮಗಳು ಶಿವಮ್ಮನಾಗಿದ್ದಾರೆ. ಆಕೆ ಬಿರಬಿರನೆ ನಡೆಯುವ ರೀತಿ, ಗಿರಾಕಿಯ ಮುಂದೆ ನಾಚಿಕೆ ಬಿಟ್ಟು ಪುಡಿಯ ಗುಣಗಾನ ಮಾಡುವ ರೀತಿ, ಬೈಸಿಕೊಂಡು ಮತ್ತೆ ಅದೇ ಮನೆ ಬಾಗಿಲಿಗೆ ಹೋಗುವ ಹಟ, ಇವೆಲ್ಲ ನಮ್ಮ ಕಡೆಯ ಹತ್ತು ಹೆಣ್ಣುಮಕ್ಕಳಲ್ಲಿ ನಾವು ದಿನಾ ಕಾಣುವಂಥವು. ಅಂಥ ಪುಡಿ ಕೊಂಡು ಕೈಸುಟ್ಟುಕೊಂಡ ಒಂದಾದರೂ ಮನೆ ಇಲ್ಲದ ಓಣಿ ಕಂಪ್ಲಿಯಲ್ಲಿಲ್ಲ.

ಈ ಸಿನಿಮಾ 2022ರ ಅಕ್ಟೋಬರಿನಲ್ಲಿ ದಕ್ಷಿಣ ಕೊರಿಯಾದ ಬುಸಾನ್ ಚಿತ್ರೋತ್ಸವದಲ್ಲಿ ‘ನ್ಯೂ ಕರೆಂಟ್ಸ್’ ಪ್ರಶಸ್ತಿ ಪಡೆಯಿತು. ಏಷ್ಯಾದ ಹೊಸ ನಿರ್ದೇಶಕರಿಗೆ ಅದಕ್ಕಿಂತ ದೊಡ್ಡ ಮನ್ನಣೆ ಬಹಳ ಇಲ್ಲ. ಕರ್ನಾಟಕದಲ್ಲಿ ಬಿಡುಗಡೆಯಾದದ್ದು 2024ರ ಜೂನಿನಲ್ಲಿ, ಇಪ್ಪತ್ತು ತಿಂಗಳು ಕಳೆದ ಮೇಲೆ. ಬುಸಾನಿನ ಸುದ್ದಿ ಓದಿ ಕುತೂಹಲಗೊಂಡವರು ಅಷ್ಟರಲ್ಲಿ ಮರೆತಿದ್ದರು. ಕೊರಿಯನ್ನರು ಸಬ್‌ಟೈಟಲ್ ಓದಿಕೊಂಡು ನೋಡಿದ ಮಾತನ್ನು, ಸಬ್‌ಟೈಟಲ್ ಬೇಡದ ನಮ್ಮವರು ಕೇಳದೆ ಹೋದರು.

ಇದಕ್ಕೆ ಎದುರಾಗಿ ‘ತಿಥಿ’ಯನ್ನು ಇಡಿ. ರಾಮ್ ರೆಡ್ಡಿ ನಿರ್ದೇಶಿಸಿದ, ಮಂಡ್ಯದ ಹಳ್ಳಿಯವರೇ ನಟಿಸಿದ ಅದು 2015ರ ಆಗಸ್ಟಿನಲ್ಲಿ ಲೊಕಾರ್ನೊದಲ್ಲಿ ಪ್ರಶಸ್ತಿ ಪಡೆಯಿತು. 2016ರ ಮಾರ್ಚ್ ಕೊನೆಗೆ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರ ಪ್ರಶಸ್ತಿ, ಮೇ ಮೊದಲ ವಾರ ಬಿಡುಗಡೆ. ಪ್ರಶಸ್ತಿಯ ಸುದ್ದಿ ಆರುವ ಮುನ್ನವೇ ಸಿನಿಮಾ ಥಿಯೇಟರಿನಲ್ಲಿತ್ತು. ಅದರ ಪಾತ್ರಗಳಾದ ಗಡ್ಡಪ್ಪ, ಸೆಂಚುರಿ ಗೌಡ ಮನೆಮಾತಾದರು. ‘ತಿಥಿ’ ನಗಿಸುತ್ತದೆ, ‘ಶಿವಮ್ಮ’ ಅಷ್ಟು ನಗಿಸುವುದಿಲ್ಲ ಎಂಬ ವ್ಯತ್ಯಾಸ ಇದೆ, ಒಪ್ಪುತ್ತೇನೆ. ಆದರೆ ಐದಾರು ವಾರದ ಅಂತರಕ್ಕೂ ಇಪ್ಪತ್ತು ತಿಂಗಳ ಅಂತರಕ್ಕೂ ಇರುವ ವ್ಯತ್ಯಾಸ ಅದಕ್ಕಿಂತ ದೊಡ್ಡದು.

ಚಿತ್ರಮಂದಿರ ಬಿಟ್ಟರೆ ಉಳಿದ ದಾರಿ ಚಿತ್ರೋತ್ಸವ. ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವ 2006ರಲ್ಲಿ ಆರಂಭವಾಯಿತು. 2025ರ ಮಾರ್ಚಿನಲ್ಲಿ ಅದರ 16ನೇ ಆವೃತ್ತಿ ನಡೆಯಿತು. ಕನ್ನಡದ ವಿಮರ್ಶಕರಿಗೆ ಇದೇ ಬಾಕಿ ತೀರಿಸುವ ವಾರ. ಒಂದೇ ಮಾಲಿನ ಪರದೆಗಳ ನಡುವೆ ಮೆಟ್ಟಿಲೇರಿ ಇಳಿದು, ಸಾಲಿನಲ್ಲಿ ನಿಂತು, ಬನ್ನು ತಿಂದು ದಿನಕ್ಕೆ ನಾಲ್ಕೈದು ಸಿನಿಮಾ ನೋಡುವವರಿದ್ದಾರೆ. ಹೊಸಪೇಟೆಯಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಬೆಂಗಳೂರು, ಹಾಗೆ ಹೋಗಿಬರುವವರು ನಮ್ಮ ಕಡೆಯೂ ಉಂಟು. ಆದರೆ ವಾರವಿಡೀ ರಜೆ, ಪಾಸಿನ ಹಣ, ಉಳಿದುಕೊಳ್ಳುವ ಖರ್ಚು, ಇದಿಷ್ಟನ್ನೂ ಹೊಂದಿಸಿಕೊಳ್ಳಬಲ್ಲ ಶಾಲಾ ಮೇಷ್ಟರು, ಬಿಡಿ ವರದಿಗಾರರು ಎಷ್ಟು ಮಂದಿ? ಉತ್ಸವ 2016ರಲ್ಲಿ ಮೈಸೂರಿಗೂ ಹೋಗಿತ್ತು. ಕೇರಳದವರು 2021ರಲ್ಲಿ, ಕೋವಿಡ್ ಕಾರಣಕ್ಕೇ ಇರಲಿ, ತಮ್ಮ ಉತ್ಸವವನ್ನು ತಿರುವನಂತಪುರ, ಕೊಚ್ಚಿ, ತಲಶ್ಶೇರಿ, ಪಾಲಕ್ಕಾಡ್ ಎಂದು ನಾಲ್ಕು ಕಡೆ ಹಂಚಿ ನಡೆಸಿದರು. ಬಳ್ಳಾರಿಯಲ್ಲೋ ಕಲಬುರಗಿಯಲ್ಲೋ ಅಂಥದೊಂದು ನಾಲ್ಕು ದಿನ ನಡೆದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ.

ಟಿವಿಯ ಕಥೆ ಹೇಳಿದರೆ ಈಗಿನ ಹುಡುಗರು ನಂಬುವುದಿಲ್ಲ. ಎಂಬತ್ತರ ದಶಕದಲ್ಲಿ ದೂರದರ್ಶನ ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಗಳ, ಬಹುಮಟ್ಟಿಗೆ ಪ್ರಶಸ್ತಿ ಪಡೆದ, ಚಿತ್ರಗಳನ್ನು ತೋರಿಸುತ್ತಿತ್ತು. ಬೇರೆ ಚಾನೆಲ್ ಇರಲಿಲ್ಲವಾದ್ದರಿಂದ ಜನ ಅಸ್ಸಾಮಿ, ಒಡಿಯಾ, ಮಲಯಾಳಂ ಸಿನಿಮಾಗಳನ್ನೂ ನೋಡುತ್ತಿದ್ದರು. ಯಾವಾಗಲಾದರೊಮ್ಮೆ ಕನ್ನಡದ ಸರದಿ ಬರುತ್ತಿತ್ತು. ಟಿವಿ ಇದ್ದವರ ಮನೆಯ ಪಡಸಾಲೆಯಲ್ಲಿ ಓಣಿಯೇ ಸೇರುತ್ತಿದ್ದ ಕಾಲ. ಅಡುಗೆಮನೆ ಬಾಗಿಲಲ್ಲಿ ಅಕ್ಕಿ ಆರಿಸುತ್ತ ನಿಂತು ಗಿರೀಶ ಕಾಸರವಳ್ಳಿಯವರ ಸಿನಿಮಾ ನೋಡಿದ ಅಜ್ಜಿಯರು ನಮ್ಮಲ್ಲಿ ಇದ್ದಾರೆ. ಖಾಸಗಿ ಚಾನೆಲ್ಲುಗಳು ಬಂದವು, ಆಯ್ಕೆ ಹೆಚ್ಚಿತು, ಆ ಭಾನುವಾರ ಹೋಯಿತು. ಈಗ ಚಾನೆಲ್ಲುಗಳು ಪ್ರಶಸ್ತಿ ಪ್ರದಾನ ಸಮಾರಂಭವನ್ನು ಮೂರು ಗಂಟೆ ತೋರಿಸುತ್ತವೆ, ಪ್ರಶಸ್ತಿ ಪಡೆದ ಸಿನಿಮಾ ತೋರಿಸುವುದಿಲ್ಲ.

ಹಳೆಯವುಗಳ ಪಾಡು ಕೇಳುವಂತಿಲ್ಲ. ರಾಷ್ಟ್ರಮಟ್ಟದಲ್ಲಿ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆದ ಕನ್ನಡ ಚಿತ್ರಗಳು ಆರು: ‘ಸಂಸ್ಕಾರ’, ‘ಚೋಮನ ದುಡಿ’, ‘ಘಟಶ್ರಾದ್ಧ’, ‘ತಬರನ ಕಥೆ’, ‘ತಾಯಿ ಸಾಹೇಬ’, ‘ದ್ವೀಪ’. ಕೊನೆಯ ನಾಲ್ಕೂ ಕಾಸರವಳ್ಳಿಯವರವು. ಇವನ್ನು ಒಳ್ಳೆಯ ಪ್ರತಿಯಲ್ಲಿ ನೋಡಿದವರು ಪುಣ್ಯವಂತರು. ಯೂಟ್ಯೂಬಿನಲ್ಲಿ ಸಿಗುವ ಹಳೆಯ ಕನ್ನಡ ಚಿತ್ರಗಳ ಬಣ್ಣ ಮಾಸಿರುತ್ತದೆ, ಧ್ವನಿ ಗೊರಗೊರ, ಮೂಲೆಯಲ್ಲಿ ಯಾವುದೋ ಕಂಪನಿಯ ಮುದ್ರೆ. ‘ಘಟಶ್ರಾದ್ಧ’ ಮಾತ್ರ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮುಂತಾದವರ ಶ್ರಮದಿಂದ ಹೊಸ ಜೀವ ಪಡೆದು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು. ವೆನಿಸಿನವರೆಗೆ ಹೋದದ್ದು ವಿಜಯನಗರದವರೆಗೂ ಬರಲಿ ಎಂದು ಆಸೆಪಡುವುದು ಹೆಚ್ಚೇನಲ್ಲವಷ್ಟೆ.

ಕೊನೆಯ ದಾರಿ ಕೈಯಲ್ಲಿರುವ ಫೋನು. ಕೆಲವು ವರ್ಷಗಳ ಹಿಂದೆ ಮೊಬೈಲ್ ಅಂಗಡಿಗೆ ಹೋಗಿ ಮೆಮೊರಿ ಕಾರ್ಡ್ ಕೊಟ್ಟರೆ ಸಾಕು, ಅಂಗಡಿಯ ಹುಡುಗ ಕಂಪ್ಯೂಟರಿನಲ್ಲಿ ಫೋಲ್ಡರ್ ತೆರೆದು ‘ಕನ್ನಡ ಹೊಸವು ಹಾಕ್ಲಾ, ತೆಲುಗು ಹಾಕ್ಲಾ’ ಎಂದು ಕೇಳಿ ತುಂಬಿಸಿಕೊಡುತ್ತಿದ್ದ. ಈಗ ಆ ಕೆಲಸ ಟೆಲಿಗ್ರಾಂ ಮಾಡುತ್ತದೆ. ಕಳ್ಳಮಾಲು ಕಳ್ಳಮಾಲೇ, ಅದನ್ನು ಸಮರ್ಥಿಸುವುದಿಲ್ಲ. ಆದರೆ ಗಮನಿಸಿ: ಪ್ರಶಸ್ತಿ ಚಿತ್ರ ಆ ಫೋಲ್ಡರಿನಲ್ಲೂ ಇರಲಿಲ್ಲ, ಟೆಲಿಗ್ರಾಂನಲ್ಲೂ ಸಿಗುವುದು ಅಪರೂಪ. ಕದಿಯುವವರಿಗೂ ಬೇಡವಾದ ಮೇಲೆ ಕೊಳ್ಳುವವರು ಎಲ್ಲಿಂದ ಬರಬೇಕು? ದೊಡ್ಡ ಒಟಿಟಿ ಕಂಪನಿಗಳು ಕನ್ನಡದ ಸಣ್ಣ ಚಿತ್ರಗಳತ್ತ ತಿರುಗಿ ನೋಡುತ್ತಿಲ್ಲ ಎಂಬುದು ಗಾಂಧಿನಗರದ ನಿತ್ಯದ ಗೋಳು. ‘ಏಕಂ’ ಎಂಬ ವೆಬ್ ಸರಣಿಯನ್ನು ಯಾರೂ ಕೊಳ್ಳದಿದ್ದಾಗ ರಕ್ಷಿತ್ ಶೆಟ್ಟಿ 2024ರಲ್ಲಿ ತಮ್ಮದೇ ಜಾಲತಾಣದಲ್ಲಿ ಬಿಡುಗಡೆ ಮಾಡಬೇಕಾಯಿತು. ಅವರ ಪಾಡೇ ಹಾಗಾದರೆ ಹೆಸರಿಲ್ಲದ ನಿರ್ಮಾಪಕರು ಯಾವ ಬಾಗಿಲು ಬಡಿಯಬೇಕು?

ಇಂಥ ಸ್ಥಿತಿಯಲ್ಲಿ ವಿಮರ್ಶೆ ಏನಾಗಿದೆ? ವರ್ಷಕ್ಕೆ ಇನ್ನೂರರ ಆಚೀಚೆ ಕನ್ನಡ ಸಿನಿಮಾಗಳು ಬಿಡುಗಡೆಯಾಗುತ್ತವೆ. ಒಂದೊಂದು ಶುಕ್ರವಾರ ಐದಾರು. ಪತ್ರಿಕೆಯೊಂದರಲ್ಲಿ ಸಿನಿಮಾ ನೋಡಿ ಬರೆಯುವವರು ಒಬ್ಬರೋ ಇಬ್ಬರೋ. ಹೆಸರಿರುವ ನಟನ ಸಿನಿಮಾ ಮೊದಲು, ಉಳಿದವು ಆದರೆ ಆಯಿತು. ಹೀಗೆ ಬಿಟ್ಟುಹೋದವುಗಳನ್ನು ವರ್ಷದ ಕೊನೆಗೆ, ಚಂದನವನ ಫಿಲ್ಮ್ ಕ್ರಿಟಿಕ್ಸ್ ಅಕಾಡೆಮಿಯ ಪ್ರಶಸ್ತಿಗೋ ‘ಪ್ರಜಾವಾಣಿ’ಯ ಸಿನಿ ಸಮ್ಮಾನಕ್ಕೋ ಹೆಸರು ಸೂಚಿಸುವ ಹೊತ್ತಿಗೆ ಓಡಿ ಓಡಿ ನೋಡುವುದು. ಪ್ರಾಮಾಣಿಕರು ನೋಡುತ್ತಾರೆ. ನೋಡಲಾಗದವರು ಟ್ರೇಲರ್ ನೋಡಿ, ನಾಲ್ಕು ಜನರ ಮಾತು ಕೇಳಿ ಮುಗಿಸುತ್ತಾರೆ. ಜಿಲ್ಲೆಗಳಲ್ಲಿ ಯೂಟ್ಯೂಬ್ ವಿಮರ್ಶಕರ ಒಂದು ಹೊಸ ಪಡೆಯೇ ಹುಟ್ಟಿದೆ. ಮೊದಲ ಆಟ ಬಿಡುವ ಹೊತ್ತಿಗೆ ಥಿಯೇಟರ್ ಗೇಟಿನಲ್ಲಿ ಮೈಕು ಹಿಡಿದು ನಿಂತು ‘ಹೆಂಗಿತ್ತಣ್ಣ ಪಿಚ್ಚರ್’ ಎಂದು ಕೇಳುವ ಹುಡುಗರಿಂದ ಹಿಡಿದು, ಮನೆಯಲ್ಲಿ ಕೂತು ಅರ್ಧ ಗಂಟೆ ಶಾಟ್‌ಗಳ ಲೆಕ್ಕ ಹೇಳುವವರ ತನಕ. ಇವರಲ್ಲಿ ಕೆಲವರ ಕಣ್ಣು ಬಲು ಚುರುಕು, ನಗರದ ಕೆಲವು ಹಿರಿಯರಿಗಿಂತಲೂ. ಆದರೆ ಪ್ರಶಸ್ತಿ ಪಟ್ಟಿ ಬಂದ ದಿನ ಅವರೂ ಹೆಸರುಗಳನ್ನು ಓದಿ ಹೇಳಿ ‘ಕಂಗ್ರಾಜುಲೇಷನ್ಸ್’ ಎಂದು ಮುಗಿಸುತ್ತಾರೆ. ತಪ್ಪು ಅವರದಲ್ಲ.

ಸಿನಿಮಾವನ್ನು ಊರಿಗೆ ತರಿಸಿಕೊಳ್ಳುವ ಪ್ರಯತ್ನ ನಮ್ಮ ನಾಡಿಗೆ ಹೊಸದಲ್ಲ. ಬೆಂಗಳೂರಿನ ಸುಚಿತ್ರಾ 1971ರದು. ಕೆ.ವಿ. ಸುಬ್ಬಣ್ಣನವರು 1973ರಲ್ಲಿ ಹೆಗ್ಗೋಡಿನಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿ, ಅಡಿಕೆ ತೋಟದ ಹಳ್ಳಿಗರಿಗೆ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಿದರು. ಕರ್ನಾಟಕ ಚಲನಚಿತ್ರ ಅಕಾಡೆಮಿ ಬಂದ ಮೇಲೆ ‘ಬೆಳ್ಳಿಮಂಡಲ’ ಎಂಬ ಹೆಸರಿನಲ್ಲಿ ಜಿಲ್ಲಾ ಚಿತ್ರಸಮಾಜಗಳು ಶಿವಮೊಗ್ಗ, ಚಿಕ್ಕಮಗಳೂರಿನಂಥ ಕಡೆ ಕೆಲಸ ಮಾಡಿದವು. ರಂಗಭೂಮಿಯ ವಿಷಯದಲ್ಲಿ, ನಾಟಕಕ್ಕೆ ಹೆಸರಾದ ಮರಿಯಮ್ಮನಹಳ್ಳಿಯನ್ನೇ ಎದುರಿಗಿಟ್ಟುಕೊಂಡಿರುವ ನಾವು ಸಿನಿಮಾದ ವಿಷಯದಲ್ಲಿ ಸೋಮಾರಿಗಳಾದೆವು ಎಂಬ ಮಾತನ್ನು ನಮಗೇ ಹೇಳಿಕೊಳ್ಳಬೇಕು. ಕಾಲೇಜಿನ ಸಭಾಂಗಣ, ಒಂದು ಪ್ರೊಜೆಕ್ಟರ್, ನಿರ್ಮಾಪಕರ ಒಪ್ಪಿಗೆ ಪತ್ರ, ಇಷ್ಟಿದ್ದರೆ ಒಂದು ಪ್ರದರ್ಶನ ಆಗುತ್ತದೆ. ಹಂಪಿ ಉತ್ಸವಕ್ಕೆ ಪ್ರತಿವರ್ಷ ಸಿನಿಮಾ ತಾರೆಯರು ಬಂದು ವೇದಿಕೆಯ ಮೇಲೆ ಕುಣಿದು ಹೋಗುತ್ತಾರೆ. ಅದರ ಪಕ್ಕದಲ್ಲಿ ಆ ಸಾಲಿನ ಪ್ರಶಸ್ತಿ ಚಿತ್ರಗಳಿಗೆ ಮೂರು ದಿನದ ಟೆಂಟೊಂದನ್ನು ಹಾಕುವುದಕ್ಕೆ ತಾರೆಯರ ಖರ್ಚಿನ ಚೂರೂ ಬೇಕಾಗುವುದಿಲ್ಲ.

ಸರ್ಕಾರ 2025ರ ಬಜೆಟ್ಟಿನಲ್ಲಿ ಕನ್ನಡ ಸಿನಿಮಾಗಳಿಗಾಗಿ ತನ್ನದೇ ಒಟಿಟಿ ಮಾಡುತ್ತೇನೆಂದು ಹೇಳಿತು. ಅದೇ ಬಜೆಟ್ಟಿನ 200 ರೂಪಾಯಿ ಟಿಕೆಟ್ ಮಿತಿಯ ಬಗ್ಗೆ ಗಲಾಟೆಯಾದಷ್ಟು ಇದರ ಬಗ್ಗೆ ಆಗಲಿಲ್ಲ. ಆ ಮಿತಿಗೆ ಹೈಕೋರ್ಟ್ ತಡೆ ಕೊಟ್ಟಿತು. ಕಂಪ್ಲಿಯವರಿಗೆ ಅದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ, ನಮ್ಮಲ್ಲಿ ಟಿಕೆಟ್ ಅಷ್ಟಿಲ್ಲ. ನಮಗೆ ಬೇಕಿದ್ದದ್ದು ಒಟಿಟಿ. ಕೇರಳ ಸರ್ಕಾರ 2024ರ ಮಾರ್ಚಿನಲ್ಲೇ ‘ಸಿ ಸ್ಪೇಸ್’ ಎಂಬುದನ್ನು ಶುರುಮಾಡಿದೆ. ನೋಡಿದ ಸಿನಿಮಾಕ್ಕೆ ಮಾತ್ರ ದುಡ್ಡು, ಅದರಲ್ಲಿ ಅರ್ಧ ನಿರ್ಮಾಪಕರಿಗೆ. ಅದು ಎಷ್ಟು ಜನರನ್ನು ತಲುಪಿತು ಎಂಬ ಪ್ರಶ್ನೆ ಇರಲಿ, ಪ್ರಶಸ್ತಿ ಪಟ್ಟಿ ಓದಿದ ಮನುಷ್ಯ ಆ ರಾತ್ರಿಯೇ ಹೋಗಿ ಹುಡುಕಬಹುದಾದ ಒಂದು ವಿಳಾಸವಾದರೂ ಇದೆ.

ಆದರೂ ಒಟಿಟಿಗಿಂತ ಮೊದಲು ಆಗಬೇಕಾದ, ಖರ್ಚೂ ಹೆಚ್ಚಿಲ್ಲದ ಕೆಲಸವೊಂದಿದೆ. ರಾಜ್ಯ ಪ್ರಶಸ್ತಿಯ ಉಸ್ತುವಾರಿ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯದು. ಇದೇ ಇಲಾಖೆಯ ವ್ಯಾನುಗಳು ಹಿಂದೆ ಪ್ರೊಜೆಕ್ಟರ್ ಹೊತ್ತು ಹಳ್ಳಿಹಳ್ಳಿಗೆ ಬಂದು, ಶಾಲೆಯ ಗೋಡೆಗೆ ಪರದೆ ಕಟ್ಟಿ ಸಿನಿಮಾ ತೋರಿಸುತ್ತಿದ್ದವು. ಪ್ರಶಸ್ತಿ ಕೊಡುವ ಕೈಯೂ, ಊರೂರಿಗೆ ಪರದೆ ಒಯ್ದ ಕೈಯೂ ಒಂದೇ. ಮುಂದಿನ ಸಾಲಿನ ಪ್ರಶಸ್ತಿ ಆದೇಶ ಹೊರಡುವ ಮುನ್ನ ಇಲಾಖೆ ಅದರಲ್ಲಿ ಎರಡು ಸಾಲು ಸೇರಿಸಲಿ. ಒಂದು, ಪ್ರಶಸ್ತಿಗೆ ಬರುವ ಸಿನಿಮಾ ಬೆಂಗಳೂರಿನ ಹೊರಗೂ ಸಾರ್ವಜನಿಕ ಪ್ರದರ್ಶನ ಕಂಡಿರಬೇಕು. ಎರಡು, ಮೊದಲ ಮೂರು ಅತ್ಯುತ್ತಮ ಚಿತ್ರಗಳನ್ನು ಪ್ರಶಸ್ತಿ ಪ್ರಕಟವಾದ ಎರಡು ತಿಂಗಳೊಳಗೆ ಪ್ರತಿ ತಾಲ್ಲೂಕು ಕೇಂದ್ರದಲ್ಲಿ ಒಮ್ಮೆ ತೋರಿಸಿ, ನಿರ್ಮಾಪಕರಿಗೆ ಅದರ ಬಾಡಿಗೆಯನ್ನು ಇಲಾಖೆಯೇ ಕೊಡಬೇಕು. ಕಂಪ್ಲಿ ಈಗ ತಾಲ್ಲೂಕು ಕೇಂದ್ರ.